ಅಗ್ಗದ ಮುನ್ನೂರು

“ಬಸ್ಸಲ್ಲಿ ಚಿಲ್ಲರೆ ವಾಪಸ್ ಕೇಳೋಕೆ ಬಾಯಿ ಬರದ ಪ್ರಾಣಿ ಇದು. ಇದಕ್ಕೆ ವಿಮಾನ ಬೇರೆ ಕೇಡು!”

ಮ್ಯಾನೇಜರು ಈ ಮಾತನ್ನು ತಮ್ಮ ಕೋಣೆಯಲ್ಲಿ ಕೂತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಒಳ್ಳೆಯ ಬೈಗುಳವನ್ನು ನಾಲ್ಕು ಗೋಡೆಯ ನಡುವೆ ಹಾಳು ಮಾಡುವ ಪೈಕಿ ಅಲ್ಲ. ಬೈಂಡಿಂಗ್ ಹಾಲಿನ ನಟ್ಟನಡುವೆ ಬಂದು ನಿಂತು, ಕೆಮ್ಮಿ, ಹದಿನಾಲ್ಕು ಜನ ಕೈಕೆಲಸ ನಿಲ್ಲಿಸಿ ಕತ್ತು ತಿರುಗಿಸುವ ತನಕ ಕಾದು, ಆಮೇಲೆ ಬಾಯಿ ಬಿಟ್ಟಿದ್ದರು. ಹದಿನಾಲ್ಕು ಜನರಲ್ಲಿ ಹತ್ತು ಜನ ನಕ್ಕರು. ಉಳಿದ ನಾಲ್ವರು ನಗು ಬಂದರೂ ಪಾಪ ಅಂತ ಹಾಳೆಯಿಂದ ಮುಖ ಮುಚ್ಚಿಕೊಂಡರು.

ಪ್ರಾಣಿ ಎನಿಸಿಕೊಂಡವನಿಗೆ ಹಾಜರಿ ಪುಸ್ತಕದಲ್ಲಿ ಏನೋ ಒಂದು ಹೆಸರಿತ್ತು. ಜನರ ಬಾಯಲ್ಲಿ ಅವನು ಗೋಂದು. ಹನ್ನೊಂದು ವರ್ಷದಿಂದ ಆ ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ಬೆನ್ನು ಕಟ್ಟುತ್ತಾ, ಹರಿದ ಹಾಳೆ ಅಂಟಿಸುತ್ತಾ ಬಂದಿದ್ದ. ಅಂಟು ಅವನ ಕೈಯೊಳಗೆ ಎಷ್ಟು ಇಳಿದುಹೋಗಿತ್ತೆಂದರೆ, ಅವನ ಕೈ ಕುಲುಕಿದವರು ಬಿಡಿಸಿಕೊಳ್ಳಲು ಒಂದು ಕ್ಷಣ ಹೆಚ್ಚೇ ತೆಗೆದುಕೊಳ್ಳುತ್ತಿದ್ದರು.

ವಿಷಯ ಇಷ್ಟೇ. ಯಜಮಾನರು ಹೊರದೇಶದಿಂದ ಪುಸ್ತಕ ಹೊಲಿಯುವ ಹೊಸ ಮೆಷಿನ್ ಕೊಂಡಿದ್ದರು. ಅದನ್ನು ನಡೆಸುವುದು ಕಲಿಯಲು ಒಬ್ಬನನ್ನು ಹತ್ತು ದಿನಕ್ಕೆ ಕಳಿಸಿ, ಟಿಕೆಟ್ಟು ನಮ್ಮದು, ರೂಮು ನಮ್ಮದು ಎಂದು ಆ ಕಂಪನಿಯವರು ಬರೆದಿದ್ದರು. ಊಟ, ಬಸ್ಸು ಮಾತ್ರ ಬಂದವನದು; ಅದಕ್ಕೆಂದು ಅಲ್ಲಿಯ ಹಣ ಮುನ್ನೂರು ಕೈಯಲ್ಲಿ ಇರಲೇಬೇಕು. ಕಲಿತು ಬಂದವನೇ ಆ ಮೆಷಿನ್ನಿನ ಆಪರೇಟರು. ಸಂಬಳ ಈಗಿನ ಒಂದೂವರೆ ಪಟ್ಟು, ಕೂರಲು ಎತ್ತರದ ಸ್ಟೂಲು. ಉಳಿದವರೆಲ್ಲ ಅವನಿಗೆ ಹಾಳೆ ಎತ್ತಿಕೊಡಬೇಕು. ಗೋಂದುವಿನ ಹೆಂಡತಿ ಈ ಸುದ್ದಿಯನ್ನು ತಮ್ಮ ಬೀದಿಯ ಎರಡೂ ಬದಿಗೆ ಹಂಚಿ ಮುಗಿಸಿ, ಈಗ ಹಿಂದಿನ ಬೀದಿಗೆ ಕೈ ಹಾಕಿದ್ದಳು.

ತೊಡಕು ಅಂದರೆ, ಹೋಗುವ ಅನುಮತಿ ಇಬ್ಬರ ಹೆಸರಲ್ಲಿ ಬಂದಿತ್ತು. ಒಂದು ಗೋಂದುವಿನದು, ಒಬ್ಬನಿಗೆ ತೊಂದರೆಯಾದರೆ ಇನ್ನೊಬ್ಬನಿರಲಿ ಎಂದು ಮಾಡಿಸಿದ ಎರಡನೆಯದು ಯಜಮಾನರ ಭಾವಮೈದನದು. ಭಾವಮೈದ ಬೆಳಿಗ್ಗೆ ಹತ್ತಕ್ಕೆ ಬಂದು ಯಜಮಾನರ ಕೋಣೆಯ ತಿರುಗುವ ಕುರ್ಚಿಯಲ್ಲಿ ಕೂತರೆ, ಮಧ್ಯಾಹ್ನದ ಹೊತ್ತಿಗೆ ಒಂದು ಸುತ್ತು ಮುಗಿಸುತ್ತಿದ್ದ. ಕೆಟ್ಟವನಲ್ಲ. ಕೆಟ್ಟವನಾಗಬೇಕಾದರೂ ಸ್ವಲ್ಪ ಎದ್ದು ಓಡಾಡಬೇಕಾಗುತ್ತದಲ್ಲ. ಅವತ್ತು ಅವನ ಪಕ್ಕದಲ್ಲಿ ಹೊಸ ಸೂಟ್‌ಕೇಸೊಂದು ಕೂತಿತ್ತು. ಯಜಮಾನರ ಹೆಂಡತಿಯ ಒಬ್ಬನೇ ತಮ್ಮ ಎಂಬ ಕಾರಣಕ್ಕೆ ಮ್ಯಾನೇಜರು ಆ ಸೂಟ್‌ಕೇಸಿಗೂ ನಮಸ್ಕಾರ ಹಾಕಿ ಬಂದಿದ್ದರು.

“ಸಾಯಂಕಾಲ ಐದಕ್ಕೆ ಯಜಮಾನ್ರು ಕಂಪನಿಗೆ ಫೋನ್ ಮಾಡಿ ಹೆಸರು ಹೇಳ್ತಾರೆ. ಅಷ್ಟರೊಳಗೆ ಮುನ್ನೂರು ತಂದು ಮೇಜಿನ ಮೇಲಿಡು. ಇಲ್ಲಾಂದ್ರೆ ಚಿಕ್ಕ ಸಾಹೇಬ್ರು ಹೊರಡ್ತಾರೆ, ನೀನು ಟಾಟಾ ಮಾಡು,” ಎಂದರು ಮ್ಯಾನೇಜರು.

“ದುಡ್ಡು ಕೂಡಿಟ್ಟಿದೀನಿ ಸಾರ್.”

“ನೀನು ಕೂಡಿಟ್ಟಿರೋದು ನಮ್ಮೂರ ದುಡ್ಡು ಕಣೋ. ಅಲ್ಲಿ ಅದನ್ನ ಕೊಟ್ರೆ ಕೈ ಒರೆಸಿ ಬಿಸಾಕ್ತಾರೆ.”

ಒಂದು ತಿಂಗಳ ಹಿಂದೆಯೇ ಹೇಳಬಹುದಾಗಿದ್ದ ಮಾತಿದು. ಆದರೆ ಹಿಂದೆಯೇ ಹೇಳಿಬಿಟ್ಟರೆ ಮ್ಯಾನೇಜರ್ ಕೆಲಸಕ್ಕೆ ಏನು ಮಜಾ ಉಳಿಯಿತು?

ಹಣ ಬದಲಾಯಿಸುವ ಅಂಗಡಿ ಮುದ್ರಣಾಲಯದ ಎದುರಿಗೇ, ರಸ್ತೆಯ ಆಚೆ ಬದಿ ಇತ್ತು. ಗಾಜಿನ ಹಿಂದೆ ಕನ್ನಡಕದ ಮೇಡಂ ಒಬ್ಬರು ಕೂತಿದ್ದರು. ಗಾಜಿಗೆ ಕೊರೆದ ತೂತು ಎಷ್ಟು ಕೆಳಗಿತ್ತೆಂದರೆ, ಮಾತಾಡಬೇಕಾದವನು ಮೊದಲು ಬಗ್ಗಬೇಕು. ಗೋಂದು ಬಗ್ಗಿ, ಮುನ್ನೂರು ಬೇಕು ಎಂದ.

“ಒಂದಕ್ಕೆ ತೊಂಬತ್ತು. ನಮ್ಮ ಕಮಿಷನ್ ಬೇರೆ.”

“ಬೋರ್ಡಲ್ಲಿ ಎಂಬತ್ತು ಅಂತಲೂ ಇದೆಯಲ್ಲ ಮೇಡಂ?”

“ಅದು ನೀವು ನಮಗೆ ಮಾರಿದ್ರೆ. ಇದು ನಾವು ನಿಮಗೆ ಮಾರಿದ್ರೆ.”

“ಅದೇ ನೋಟು, ಅದೇ ಕಿಟಕಿ. ಒಳಗೆ ಬರೋವಾಗ ಎಂಬತ್ತು, ಹೊರಗೆ ಹೋಗೋವಾಗ ತೊಂಬತ್ತಾ?”

“ಮತ್ತೆ ಈ ಫ್ಯಾನು, ಈ ಗಾಜು ಎಲ್ಲ ಎಲ್ಲಿಂದ ಬರುತ್ತೆ?” ಎಂದರು ಮೇಡಂ.

ಗೋಂದುವಿನ ಹತ್ತಿರ ಇದ್ದದ್ದು ಇಪ್ಪತ್ತೈದು ಸಾವಿರದ ಐನೂರು. ಎರಡು ವರ್ಷ ರಜಾದಿನದ ಓವರ್‌ಟೈಮು ಮಾಡಿ, ಹೆಂಡತಿಯ ಕಣ್ಣಿಗೂ ಬೀಳದಂತೆ ಕೂಡಿಟ್ಟದ್ದು. ಮೇಡಂ ಕ್ಯಾಲ್ಕುಲೇಟರ್ ಒತ್ತಿ ಗಾಜಿಗೆ ಹಿಡಿದರು. ಎರಡು ಸಾವಿರಕ್ಕೆ ಹತ್ತಿರ ಹತ್ತಿರ ಕಮ್ಮಿ ಬೀಳುತ್ತಿತ್ತು.

“ಕಾರ್ಡ್ ಇದ್ರೆ ಅಲ್ಲೇ ಮೆಷಿನ್ನಿಂದ ತೆಗೀರಿ, ಅಗ್ಗ ಬೀಳುತ್ತೆ.”

“ನನ್ನ ಕಾರ್ಡು ಹೊರಗಡೆ ನಡೆಯಲ್ಲ. ನಡೆಯೋ ಹಾಗೆ ಮಾಡೋಕೆ ಬ್ಯಾಂಕಲ್ಲಿ ಮೂರು ದಿನ ಬೇಕಂತೆ. ವಿಮಾನ ನಿಲ್ದಾಣದಲ್ಲಿ ಸಿಗಲ್ವಾ?”

ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. “ಅಲ್ಲಿ ತಗೊಳ್ಳೋರು ಎರಡೇ ಥರ. ಗೊತ್ತಿಲ್ಲದೋರು, ಗತಿ ಇಲ್ಲದೋರು. ನೀವು ಯಾವ ಲೈನಲ್ಲಿ ನಿಲ್ತೀರಾ?”

ಗೋಂದು ಎರಡೂ ಲೈನಲ್ಲಿ ನಿಲ್ಲಬಲ್ಲವನಂತೆ ಮುಖ ಮಾಡಿಕೊಂಡು ವಾಪಸ್ಸು ಬಂದ.

ಹಾಲಿನಲ್ಲಿ ಆಗಲೇ ಸಭೆ ಸೇರಿತ್ತು. ಗೋಂದುವಿನ ಕಷ್ಟ ಅವನಿಗಿಂತ ಮೊದಲೇ ಒಳಗೆ ಬಂದು ಕೂತಿತ್ತು. ಮಡಿಕೆ ಮೇಜಿನ ಅಕ್ಕ, ಅಂದರೆ ಹಾಳೆ ಮಡಚುವ ಏಳು ಹೆಂಗಸರಿಗೆ ಮುಖ್ಯಸ್ಥೆ, ಒಂದು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ಹೇಳಿದಳು:

“ನೋಡೋ, ಒಂದಕ್ಕೆ ಎಂಬತ್ತೈದರ ಹಾಗೆ ಸಿಕ್ಕಿದ್ರೆ ನಿನ್ನ ದುಡ್ಡಿಗೆ ಸರಿಯಾಗಿ ಮುನ್ನೂರು. ಒಂದು ಕಾಸು ಉಳಿಯಲ್ಲ, ಒಂದು ಕಾಸು ಕಮ್ಮಿ ಬೀಳಲ್ಲ.”

“ಎಂಬತ್ತೈದಕ್ಕೆ ಯಾರಕ್ಕ ಕೊಡ್ತಾರೆ?”

“ನಾನು ಹೇಳ್ತೀನಿ ಕೇಳು,” ಎಂದರು ಕಟಿಂಗ್ ಮೆಷಿನ್ನಿನ ಮಾವ. ಮೂವತ್ತಾರು ವರ್ಷದಿಂದ ಆ ದೊಡ್ಡ ಕತ್ತಿಯ ಮುಂದೆ ನಿಂತು ಪುಸ್ತಕಗಳ ಅಂಚು ಕತ್ತರಿಸುತ್ತಿದ್ದವರು ಅವರು. ಸೊಟ್ಟಗೆ ಇರುವುದು ಯಾವುದನ್ನೂ ಅವರ ಕಣ್ಣು ಸಹಿಸುತ್ತಿರಲಿಲ್ಲ. ಮದುವೆಮನೆಗೆ ಹೋದರೂ ಮೊದಲು ಗೋಡೆಯ ಪಟ ಸರಿ ಮಾಡಿ, ಆಮೇಲೆ ಊಟಕ್ಕೆ ಕೂರುವ ಮನುಷ್ಯ. “ಅಂಗಡಿಯವನು ಎಂಬತ್ತಕ್ಕೆ ತಗೊಂಡು ತೊಂಬತ್ತಕ್ಕೆ ಮಾರ್ತಾನೆ. ಅಲ್ಲಿಂದ ಬಂದೋನು ಯಾವನಾದ್ರೂ ಮಿಕ್ಕಿದ ನೋಟು ಇಟ್ಕೊಂಡು ಕೂತಿರ್ತಾನಲ್ಲ, ಅವನು ಅಂಗಡಿಗೆ ಹೋದ್ರೆ ಅವನಿಗೂ ಎಂಬತ್ತೇ. ನೀನು ಎಂಬತ್ತೈದು ಕೊಡು. ಅವನಿಗೂ ಐದು ಲಾಭ, ನಿನಗೂ ಐದು ಲಾಭ. ಮಧ್ಯದ ಗಾಜನ್ನೇ ಕಿತ್ತು ಬಿಸಾಕಿದ ಹಾಗೆ!”

ಇಡೀ ಹಾಲು ಮಾವನನ್ನು ಹಣಕಾಸು ಮಂತ್ರಿಯನ್ನು ನೋಡುವ ಹಾಗೆ ನೋಡಿತು.

“ಅಂಥೋರು ಎಲ್ಲಿ ಸಿಗ್ತಾರೆ ಮಾವ?”

“ನಮ್ಮ ಬೀದಿ ಕೊನೇಲಿ ಹಡಗಿನ ತಾತ ಇದಾನಲ್ಲ. ಇಪ್ಪತ್ತೆರಡು ವರ್ಷ ಹಡಗಲ್ಲಿ ಅಡುಗೆ ಮಾಡಿದೋನು. ಅವನ ಹತ್ರ ಇಲ್ಲದ ದೇಶದ ನೋಟೇ ಇಲ್ಲ.”

ಹಡಗಿನ ತಾತ ಮೂರನೇ ಮಹಡಿಯಲ್ಲಿದ್ದ. ಬಾಗಿಲು ತೆರೆದವನೇ ಗೋಂದುವಿನ ಮಾತು ಮುಗಿಯುವ ಮೊದಲು ಒಂದು ಚಾಕು, ಒಂದು ಬುಟ್ಟಿ ಈರುಳ್ಳಿ ಅವನ ಮುಂದೆ ಇಟ್ಟ.

“ಮಾತು ಆಡ್ತಾ ಇರು, ಕೈ ಆಡ್ತಾ ಇರ್ಲಿ. ಹಡಗಲ್ಲಿ ಸುಮ್ನೆ ಕೂತೋರಿಗೆ ಜಾಗ ಇರ್ಲಿಲ್ಲ.”

ತಾತನಿಗೆ ಕತೆಗಳಿದ್ದವು. ಬಿರುಗಾಳಿಯಲ್ಲಿ ಸಾರು ಚಾವಣಿಗೆ ಹಾರಿದ ಕತೆ, ಕ್ಯಾಪ್ಟನ್ನು ಉಪ್ಪು ಕಮ್ಮಿ ಅಂದದ್ದಕ್ಕೆ ಬಕೆಟ್ಟಿನಲ್ಲಿ ಸಮುದ್ರದ ನೀರನ್ನೇ ತಂದಿಟ್ಟ ಕತೆ. ಒಂದೊಂದು ಕತೆಗೆ ಹತ್ತು ಈರುಳ್ಳಿಯಂತೆ ನಡೆಯಿತು. ನಾಲ್ಕನೇ ಕತೆಯ ಹೊತ್ತಿಗೆ ಗೋಂದುವಿನ ಕಣ್ಣಿಂದ ಧಾರೆ ಇಳಿಯುತ್ತಿತ್ತು. ಆಗ ತಾತ ಎದ್ದು ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿ ತಂದ. ಅದರೊಳಗೊಂದು ಕಾಲುಚೀಲ, ಕಾಲುಚೀಲದೊಳಗೆ ಉಂಡೆಯಾದ ನೋಟು.

“ಇಪ್ಪತ್ತರ ನೋಟು ಹದಿನೈದು. ಮುನ್ನೂರಕ್ಕೆ ಸರಿ. ಈಗಲೂ ನಡೀತವೆ, ಹೋದ ತಿಂಗಳು ಅಂಗಡೀಲಿ ತೋರಿಸ್ದೆ. ಎಂಬತ್ತು ಕೊಡ್ತೀನಿ ಅಂದ್ಳು ಆ ಕನ್ನಡಕದೋಳು. ಹಲ್ಲು ಕಚ್ಕೊಂಡು ವಾಪಸ್ ಬಂದೆ.”

“ಎಂಬತ್ತೈದು ಕೊಡ್ತೀನಿ ತಾತ.”

“ಅಳಬೇಡ, ಕೊಡ್ತೀನಿ,” ಎಂದ ತಾತ.

ಅಷ್ಟರಲ್ಲಿ ಒಳಗಿಂದ ಬಂದ ತಾತನ ಸೊಸೆ, ದುಡ್ಡು ಎಣಿಸುತ್ತಾ ಕಣ್ಣೀರು ಸುರಿಸುತ್ತಿದ್ದ ಗೋಂದುವನ್ನು ಕಂಡಳು. “ಮಾವಾ! ಯಾರನ್ನ ಸುಲೀತಾ ಇದೀರಿ? ಪಾಪದೋನ ಹತ್ರಾನಾ?” ಎಂದು ತಾತನನ್ನು ತರಾಟೆಗೆ ತೆಗೆದುಕೊಂಡಳು. ಆ ಗಲಾಟೆ ಬಗೆಹರಿಸಿ, ಬುಟ್ಟಿಯ ಉಳಿದ ಈರುಳ್ಳಿಯನ್ನೂ ಸುಲಿದುಕೊಟ್ಟು ಗೋಂದು ಇಳಿದು ಬರುವಾಗ ಮಧ್ಯಾಹ್ನ ಒಂದೂವರೆ. ಕಣ್ಣು ಕೆಂಪು, ಹೊಟ್ಟೆ ಖಾಲಿ. ಆದರೆ ಎದೆಯ ಜೇಬಿನಲ್ಲಿ ಹೊರದೇಶ ಬೆಚ್ಚಗೆ ಮಲಗಿತ್ತು. ನೆಲಕ್ಕೆ ಕಾಲು ತಾಗಿಸದೆ ನಡೆದ.

ಅವನು ನೇರವಾಗಿ ಯಜಮಾನರ ಕೋಣೆಗೆ ಹೋಗಿ ನೋಟು ಮೇಜಿನ ಮೇಲಿಟ್ಟಿದ್ದರೆ ಈ ಕತೆಯೇ ಇಲ್ಲ. ಯಜಮಾನರು ಊಟಕ್ಕೆ ಮನೆಗೆ ಹೋಗಿದ್ದರು, ಐದಕ್ಕೇ ಬರುವುದು. ಹಾಗಾಗಿ ನೋಟು ಹಾಲಿಗೆ ಬಂತು. ಹಾಲಿನಲ್ಲಿ ಹದಿನಾಲ್ಕು ಜನರ ಕೈ ದಾಟಿತು.

“ಅಯ್ಯೋ, ಇದೇನೋ ಇಷ್ಟು ಸುಕ್ಕು! ಎಮ್ಮೆ ಅಗಿದು ಉಗಿದ ಹಾಗಿದೆ,” ಎಂದಳು ಮಡಿಕೆ ಅಕ್ಕ. “ನನ್ನ ತಂಗಿ ಗಂಡ ಹೇಳ್ತಿದ್ದ, ಆ ಕಡೆಯೋರು ಸುಕ್ಕು ನೋಟು ಮುಟ್ಟಲ್ವಂತೆ. ಮೂಸಿ ನೋಡಿ ವಾಪಸ್ ಕೊಡ್ತಾರಂತೆ.”

“ಮೂಸಿದ್ರೆ ಇನ್ನೂ ಕಷ್ಟ. ಕಾಲುಚೀಲದಲ್ಲಿತ್ತು,” ಎಂದ ಗೋಂದು.

ಹಾಲಿನವರಿಗೆ ಅಷ್ಟು ಸಾಕಾಯಿತು. ಕಾಗದಕ್ಕೆ ಕಾಯಿಲೆ ಅಂದರೆ ಅವರಷ್ಟು ದೊಡ್ಡ ಡಾಕ್ಟರುಗಳು ಇನ್ನೆಲ್ಲಿ? ಒಬ್ಬ ಒದ್ದೆ ಬಟ್ಟೆಯಲ್ಲಿ ನೋಟುಗಳಿಗೆ ತೇವ ಕೊಟ್ಟ. ಅಕ್ಕ ಒಂದೊಂದನ್ನೂ ಅಂಗೈಯಿಂದ ತೀಡಿ ಸುಕ್ಕು ಬಿಡಿಸಿದಳು. ರಟ್ಟಿನ ನಡುವೆ ಇಟ್ಟು, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿಗೆ ಹಾಕಿ ಇಬ್ಬರು ಚಕ್ರ ತಿರುಗಿಸಿದರು. ಅರ್ಧ ಗಂಟೆ ಬಿಟ್ಟು ತೆಗೆದರೆ, ಕಾಲುಚೀಲದ ಉಂಡೆಗಳು ಆಗ ತಾನೇ ಅಚ್ಚಾದ ಹಾಗೆ ಗರಿಗರಿ. ಎಲ್ಲರೂ ತಮ್ಮ ತಮ್ಮ ಮಗುವನ್ನು ಸ್ಕೂಲಿಗೆ ತಯಾರು ಮಾಡಿದಷ್ಟು ಖುಷಿಪಟ್ಟರು. ಗೋಂದು ನಿಶ್ಚಿಂತೆಯಾಗಿ ಊಟದ ಡಬ್ಬಿ ಹಿಡಿದು ಹಿತ್ತಲಿಗೆ ಹೋದ.

ಹತ್ತೇ ಹತ್ತು ನಿಮಿಷ. ಕೈ ತೊಳೆದು ಬರುವಾಗ ಕಟಿಂಗ್ ಮೆಷಿನ್ನಿನ ಸದ್ದು ಕೇಳಿತು. ಧಡ್. ಸ್ವಲ್ಪ ಬಿಟ್ಟು ಧಡ್. ಇನ್ನೂ ಸ್ವಲ್ಪ ಬಿಟ್ಟು ಧಡ್.

ಮೂರು ಸಲ. ಬೈಂಡಿಂಗಿನಲ್ಲಿ ಯಾವ ಪುಸ್ತಕಕ್ಕಾದರೂ ಅಷ್ಟೇ: ಬೆನ್ನೊಂದು ಬಿಟ್ಟು ಮೂರು ಕಡೆ ಕತ್ತರಿ.

ಮಾವ ಎದುರು ಬಂದರು. ಮುಖದಲ್ಲಿ ಮೊಮ್ಮಗ ಹುಟ್ಟಿದಷ್ಟು ಬೆಳಕು. ಅಂಗೈ ಮೇಲೆ ನೋಟಿನ ಕಟ್ಟು.

“ಒಂದು ನೋಟು ಉದ್ದ, ಒಂದು ಗಿಡ್ಡ, ಅಂಚೆಲ್ಲ ಎಳೆ ಎಳೆ ಬಿಟ್ಕೊಂಡು ನೋಡೋಕಾಗ್ತಿರ್ಲಿಲ್ಲ ಕಣೋ. ಈಗ ನೋಡು! ಹದಿನೈದೂ ಒಂದೇ ತಾಯಿ ಮಕ್ಕಳ ಹಾಗೆ. ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಇಲ್ಲ!”

ಗೋಂದುವಿನ ಬಾಯಿಂದ ಒಂದು ಸದ್ದು ಬಂತು. ಅದು ಮಾತಲ್ಲ, ಕೂಗೂ ಅಲ್ಲ; ಸೈಕಲ್ ಟ್ಯೂಬಿನಿಂದ ಕೊನೆಯ ಗಾಳಿ ಹೋಗುವಾಗ ಬರುವಂಥದ್ದು.

“ಮಾವ… ಅದು ದುಡ್ಡು.”

“ದುಡ್ಡೇ. ಅದಕ್ಕೇ ಹೊಸ ಬ್ಲೇಡ್ ಹಾಕ್ದೆ!”

ಗೋಂದು ರಸ್ತೆ ದಾಟಿ ಓಡಿದ. ಮೇಡಂ ಒಂದು ನೋಟನ್ನು ಎಣಿಸುವ ಯಂತ್ರಕ್ಕೆ ಇಟ್ಟರು. ಯಂತ್ರ ಅದನ್ನು ಒಳಗೆ ಎಳೆದುಕೊಂಡು, ಒಂದು ಗಳಿಗೆ ಯೋಚಿಸಿ, ಕಹಿ ಮಾತ್ರೆ ಸಿಕ್ಕ ಮಗುವಿನ ಹಾಗೆ ಉಗುಳಿತು. ಇನ್ನೊಂದು ಇಟ್ಟರು. ಅದನ್ನೂ ಉಗುಳಿತು.

“ಅಳತೆ ಕಮ್ಮಿ ಇದೆಯಲ್ರೀ. ಏನು ಮಾಡಿದ್ರಿ ಇದಕ್ಕೆ? ಬಿಸಿನೀರಲ್ಲಿ ಒಗೆದ್ರಾ?”

“ಅಂಚು ಸರಿ ಮಾಡಿದ್ರು ಮೇಡಂ.”

“ಯಾರು?”

“ನಮ್ಮ ಮಾವ.”

ಮೇಡಂ ಹದಿನೈದೂ ನೋಟನ್ನು ತೂತಿನಿಂದ ಹಿಂದಕ್ಕೆ ತಳ್ಳಿದರು. “ಈ ಅಳತೆ ನೋಟು ನಾನೂ ತಗೊಳ್ಳಲ್ಲ, ಅಲ್ಲಿಯೋರೂ ತಗೊಳ್ಳಲ್ಲ. ಮಕ್ಕಳಿಗೆ ಅಂಗಡಿ ಆಟಕ್ಕೆ ಕೊಡಿ.”

ಆಗ ಮೂರು ಗಂಟೆ. ಗೋಂದು ವಾಪಸ್ಸು ಬಂದು ತನ್ನ ಮೇಜಿನ ಮುಂದೆ ಕೂತ. ಮಾವ ಎದುರಿಗೆ ನಿಂತು, ಮೂವತ್ತಾರು ವರ್ಷದಲ್ಲಿ ಮೊದಲ ಸಲ, ತಮ್ಮ ಕತ್ತಿಯನ್ನು ಬೈಯುತ್ತಿದ್ದರು. ಗೋಂದು ಯಾರನ್ನೂ ಬೈಯಲಿಲ್ಲ. ಒಂದು ನೋಟಿನ ಅಂಚನ್ನು ಉಗುರಿನಿಂದ ತಡವಿದ. ಆಮೇಲೆ ಕೇಳಿದ:

“ಮಾವ, ಕತ್ತರಿಸಿದ ಚೂರು ಎಲ್ಲಿ?”

ಚೂರು ರದ್ದಿ ಚೀಲದಲ್ಲಿತ್ತು. ಆ ಚೀಲದಲ್ಲಿ ಬೆಳಗಿನಿಂದ ಕತ್ತರಿಸಿದ ಎಂಟುನೂರು ಪುಸ್ತಕಗಳ ಅಂಚೂ ಇತ್ತು. ಅಕ್ಕ ಸೆರಗು ಸಿಕ್ಕಿಸಿದಳು. ಏಳೂ ಹೆಂಗಸರು ಚೀಲವನ್ನು ನೆಲಕ್ಕೆ ಸುರಿದು ಸುತ್ತ ಕೂತರು. ಬಿಳಿ ಕಾಗದದ ಬೆಟ್ಟದಲ್ಲಿ ನೋಟಿನ ನೇರಳೆ ಬಣ್ಣದ ಎಳೆ ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದವರಿಗೆ ಅದೇನು ಮಹಾ. ಒಂದು ನೋಟಿಗೆ ಮೂರು ಚೂರಿನ ಲೆಕ್ಕದಲ್ಲಿ ನಲವತ್ತೈದು ಬೇಕಿತ್ತು. ಇಪ್ಪತ್ತು ನಿಮಿಷದಲ್ಲಿ ನಲವತ್ತನಾಲ್ಕು ಸಿಕ್ಕಿತು.

ಒಂದು ಇಲ್ಲ. ಚೀಲ ಕೊಡವಿದರು, ಮೆಷಿನ್ನಿನ ಕೆಳಗೆ ಗುಡಿಸಿದರು, ಮಾವನ ಮೀಸೆಯನ್ನೂ ಪರೀಕ್ಷೆ ಮಾಡಿದರು. ಅಷ್ಟರಲ್ಲಿ ಮ್ಯಾನೇಜರು ಹಾಲಿನೊಳಗೆ ಬಂದು, “ಏನಿದು ಸಂತೆ?” ಎಂದು ಅತ್ತಿಂದಿತ್ತ ನಡೆದಾಡತೊಡಗಿದರು. ಅವರು ಕಾಲು ಎತ್ತಿದಾಗಲೆಲ್ಲ ಬೂಟಿನ ಅಡಿಯಲ್ಲಿ ಏನೋ ನೇರಳೆ ಮಿಂಚುತ್ತಿತ್ತು.

ಗೋಂದು ಎದ್ದವನೇ ಹೋಗಿ ಮಂಡಿಯೂರಿ ಅವರ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮ್ಯಾನೇಜರಿಗೆ ಮೊದಲು ಗಾಬರಿಯಾಯಿತು. ಆಮೇಲೆ ಸುತ್ತ ನಿಂತ ಜನರನ್ನು ನೋಡಿ ಮನಸ್ಸು ತುಂಬಿಬಂತು.

“ಏಳೋ ಏಳು. ಬೆಳಿಗ್ಗೆ ಅಂದಿದ್ದನ್ನ ಮನಸ್ಸಿಗೆ ತಗೋಬೇಡ. ಬುದ್ಧಿ ಬಂತಲ್ಲ, ಸಾಕು. ಯಜಮಾನ್ರ ಹತ್ರ ನಾನೇ ಹೇಳ್ತೀನಿ, ನಿನಗೆ ಹೋಗೋ ಆಸೆ ಇಲ್ಲ ಅಂತ.”

“ಸಾರ್, ಕಾಲು ಸ್ವಲ್ಪ ಮೇಲೆತ್ತಿ.”

“ಇರ್ಲಿ ಬಿಡೋ, ಅಷ್ಟೆಲ್ಲ ಬೇಡ…”

“ಎತ್ತಿ ಸಾರ್!”

ಎತ್ತಿದರು. ಗೋಂದು ಉಗುರಿನಿಂದ ಚೂರನ್ನು ಬಿಡಿಸಿಕೊಂಡು, ಥ್ಯಾಂಕ್ಸ್ ಸಾರ್ ಎಂದು ಮೇಜಿಗೆ ಹೋದ. ಮ್ಯಾನೇಜರು ಒಂಟಿಕಾಲಲ್ಲಿ, ಕ್ಷಮೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ಹದಿನಾಲ್ಕೂ ಜನ ನಕ್ಕರು. ಈ ಸಲ ಯಾರೂ ಹಾಳೆಯಿಂದ ಮುಖ ಮುಚ್ಚಿಕೊಳ್ಳಲಿಲ್ಲ.

ಮುಂದಿನ ಒಂದು ಗಂಟೆ ಹಾಲಿನಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಅಕ್ಕ ನೋಟಿನ ಮೇಲಿನ ಹೂವಿನ ಗೆರೆಗೆ ಗೆರೆ ಹೊಂದಿಸಿ ಯಾವ ಚೂರು ಯಾವ ನೋಟಿನದು ಎಂದು ಜೋಡಿಸಿ ಕೊಟ್ಟಳು. ಮಾವ ದೀಪ ಹಿಡಿದು ನಿಂತರು. ಗೋಂದು ಸೊಳ್ಳೆಯ ರೆಕ್ಕೆಯಷ್ಟು ತೆಳ್ಳಗಿನ ಕಾಗದದ ಎಳೆ ಹರಿದು ಕೂಡಿಕೆಗೆ ಆಸರೆಯಾಗಿಟ್ಟು, ಸೂಜಿಮೊನೆಯಲ್ಲಿ ಅಂಟು ಮುಟ್ಟಿಸಿ, ಉಸಿರು ಹಿಡಿದು ಒಂದೊಂದೇ ಅಂಚನ್ನು ಅದರ ಮನೆಗೆ ಸೇರಿಸಿದ. ಪಕ್ಕದಲ್ಲಿ ಯಾರೋ ಸೀನಲು ಹೋದರೆ ಏಳು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ಸೀನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ನಾಲ್ಕು ಮುಕ್ಕಾಲಿಗೆ ಗೋಂದು ಮತ್ತೆ ಗಾಜಿನ ಮುಂದೆ ಬಗ್ಗಿದ. ಮೇಡಂ ಹದಿನೈದು ನೋಟನ್ನೂ ಯಂತ್ರಕ್ಕೆ ಇಟ್ಟರು. ಯಂತ್ರ ಘರ್ರೆಂದು ನುಂಗಿ, ಆಚೆ ಕಡೆಗೆ ನೀಟಾಗಿ ಜೋಡಿಸಿ, ಹದಿನೈದು ಎಂದು ತೋರಿಸಿತು.

“ಇವು ಸರಿಯಾಗಿವೆ,” ಎಂದರು ಮೇಡಂ. “ಇವನ್ನ ಮೊದಲೇ ತರೋದು ಬಿಟ್ಟು ಆಗ ಯಾವುದೋ ಆಟದ ನೋಟು ತಂದಿದ್ರಲ್ಲ?”

ಐದು ಗಂಟೆ. ಯಜಮಾನರ ಕೋಣೆ. ಭಾವಮೈದ ತಿರುಗುವ ಕುರ್ಚಿಯಲ್ಲಿ, ಬಾಗಿಲಲ್ಲಿ ಹಾಲಿನವರೆಲ್ಲರ ತಲೆ ಒಂದರ ಮೇಲೊಂದು. ಯಜಮಾನರು ನೋಟು ಎಣಿಸಿ, “ಸರಿ ಇದೆ, ಮುನ್ನೂರು” ಎಂದು ಫೋನಿಗೆ ಕೈ ಹಾಕಿದರು.

“ಒಂದ್ನಿಮಿಷ ಸಾರ್,” ಎಂದರು ಮ್ಯಾನೇಜರು. ಒಂಟಿಕಾಲಿನ ಅವಮಾನ ಇನ್ನೂ ಬಿಸಿಯಾಗಿತ್ತು. “ಆ ನೋಟು ಮಧ್ಯಾಹ್ನ ಕಟಿಂಗ್ ಮೆಷಿನ್ನಿಗೆ ಸಿಕ್ಕಿದ್ವು. ಒಂದೊಂದಕ್ಕೂ ಮೂರು ತೇಪೆ ಹಾಕಿದಾನೆ ಇವನು. ಸರಿಯಾಗಿ ನೋಡಿ.”

ಬಾಗಿಲಲ್ಲಿದ್ದ ತಲೆಗಳೆಲ್ಲ ಒಂದಿಂಚು ಒಳಗೆ ಬಂದವು. ಯಜಮಾನರು ಅಚ್ಚು ನೋಡುವ ಭೂತಗನ್ನಡಿ ತೆಗೆದರು. ನೋಟನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಬೆರಳಿನಿಂದ ಅಂಚು ತಡವಿದರು.

“ಎಲ್ರೀ ಇದೆ ತೇಪೆ?”

“ಕೊಡಿ ಸಾರ್, ನಾನು ತೋರಿಸ್ತೀನಿ.” ಮ್ಯಾನೇಜರು ಭೂತಗನ್ನಡಿ ಕಸಿದುಕೊಂಡು ನೋಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಕೊನೆಗೆ, “ಇದೋ, ಇಲ್ಲಿ!” ಎಂದರು.

“ಅದು ಆ ದೇಶದ ರಾಣಿಯ ಹುಬ್ಬು ಕಣ್ರೀ.”

“ಯಜಮಾನ್ರೇ, ಕತ್ತರಿಸಿದೋನು ನಾನೇ,” ಎಂದರು ಬಾಗಿಲಿನಿಂದ ಮಾವ. “ನನ್ನ ಕಣ್ಣಿಗೇ ಸಿಗ್ತಿಲ್ಲ. ಆ ಕನ್ನಡಕದ ಮೇಡಂ ಮೆಷಿನ್ನಿಗೂ ಸಿಗ್ಲಿಲ್ಲ.”

ಯಜಮಾನರು ನಿಧಾನವಾಗಿ ಎದ್ದು ಮೇಜು ಬಳಸಿ ಬಂದರು. ಗೋಂದುವಿನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದರು. ಬಿಡಿಸಿಕೊಳ್ಳಲು ಅವರಿಗೂ ಒಂದು ಕ್ಷಣ ಹೆಚ್ಚು ಬೇಕಾಯಿತು.

“ಹನ್ನೊಂದು ವರ್ಷದಿಂದ ಈ ಕೈ ನಮ್ಮಲ್ಲೇ ಇತ್ತೇನೋ?”

ಹನ್ನೊಂದು ವರ್ಷದಲ್ಲಿ ಯಜಮಾನರು ಅವನೊಡನೆ ಆಡಿದ ಅತಿ ಉದ್ದದ ವಾಕ್ಯ ಅದು. ಬಾಗಿಲಲ್ಲಿ ಅಕ್ಕ ಸೆರಗಿನಿಂದ ಮೂಗು ಒರೆಸಿದಳು. ಮ್ಯಾನೇಜರು ಗೋಡೆಯ ಬಣ್ಣಕ್ಕೆ ತಿರುಗಿದ್ದರು. ಆ ಒಂದು ನಿಮಿಷ ಗೋಂದುವಿನಷ್ಟು ಸುಖಿ ಆ ಊರಲ್ಲಿ ಇನ್ನೊಬ್ಬನಿರಲಿಲ್ಲ.

ನಿಮಿಷ ಮುಗಿಯಿತು. ಯಜಮಾನರು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದರು.

“ದಾಖಲೆ ಕಚೇರಿಯೋರು. ನೂರು ವರ್ಷದ ಹಳೇ ರಿಜಿಸ್ಟರುಗಳು, ನಾಲ್ಕು ಸಾವಿರ ಹಾಳೆ, ಎಲ್ಲಾ ಹುಳ ತಿಂದಿದೆ. ರಿಪೇರಿ ಮಾಡಿಕೊಡಿ ಅಂತ ಆರು ತಿಂಗಳಿಂದ ಕೇಳ್ತಾ ಇದಾರೆ, ನಾನು ಅಂಥ ಕೈ ನಮ್ಮಲ್ಲಿಲ್ಲ ಅಂತ ಬರೀತಾ ಇದೀನಿ! ಇಂಥ ಕೈಯನ್ನ ಬಟನ್ ಒತ್ತೋದು ಕಲಿಯೋಕೆ ಕಳಿಸಿದ್ರೆ ನನ್ನಂಥ ದಡ್ಡ ಯಾರು? ನಾಳೆಯಿಂದಲೇ ಶುರು ಹಚ್ಕೋ.”

“ಸಾರ್, ಆ ಮೆಷಿನ್ನು…”

“ಮೆಷಿನ್ ಬಿಡೋ, ಅದನ್ನ ಯಾರು ಬೇಕಾದ್ರೂ ಕಲೀತಾರೆ. ಇವನು ಕೂಡ ಕಲೀತಾನೆ.” ಯಜಮಾನರು ಕುರ್ಚಿಯ ಕಡೆ ಕೈ ತೋರಿಸಿದರು. ಅಷ್ಟು ಹೊತ್ತಿಗೆ ಕುರ್ಚಿ ಗೋಡೆಯ ಕಡೆ ತಿರುಗಿತ್ತು.

“ಮತ್ತೆ ಆ ಒಂದೂವರೆ ಪಟ್ಟು ಸಂಬಳ, ಯಜಮಾನ್ರೇ?” ಎಂದಳು ಅಕ್ಕ ಬಾಗಿಲಿನಿಂದ, ಗೋಂದುವಿನ ಬಾಯಿಗೆ ಬಾರದ್ದನ್ನು ತಾನೇ ಕೇಳುತ್ತಾ.

“ಅದು ಮೆಷಿನ್ ಆಪರೇಟರಿಗೆ ಕಣಮ್ಮ. ಇವನದ್ದು ಅದೇ ಕೆಲಸ ತಾನೇ, ಕಾಗದ ಅಂಟಿಸೋದು.”

ಭಾವಮೈದ ಅವತ್ತು ಮೊದಲ ಸಲ ಎದ್ದು ನಿಂತ. ಕುರ್ಚಿ ಆಶ್ಚರ್ಯದಿಂದ ಕಿರ್ರೆಂದಿತು.

“ಆದ್ರೆ ಭಾವ, ನನ್ನ ಹತ್ರ ಅಲ್ಲಿಯ ದುಡ್ಡಿಲ್ಲವಲ್ಲ,” ಎಂದು ತಲೆ ಕೆರೆದುಕೊಂಡು, ಮೇಜಿನ ಮೇಲಿದ್ದ ನೋಟು ನೋಡಿದ. “ಓ, ಇಲ್ಲೇ ಇದೆ! ಗೋಂದು, ನಿನಗಿನ್ನು ಇದು ಬೇಡವಲ್ಲ. ಎಷ್ಟಕ್ಕೆ ಬಿತ್ತು?”

“ಎಂಬತ್ತೈದು.”

“ಕಮಿಷನ್ನೂ ಇಲ್ಲದೇನಾ? ಪರವಾಗಿಲ್ವೇ, ಒಳ್ಳೇ ಅಗ್ಗ!”

ಇಪ್ಪತ್ತೈದು ಸಾವಿರದ ಐನೂರನ್ನು ಎಣಿಸಿ ಗೋಂದುವಿನ ಕೈಗಿಟ್ಟು, ಹದಿನೈದು ನೋಟನ್ನು ತನ್ನ ಹೊಸ ಪರ್ಸಿಗೆ ಸೇರಿಸಿದ. ಮೋಸ ಒಂದು ಕಾಸಿನದೂ ಇಲ್ಲ. ಬೆಳಿಗ್ಗೆ ಗೋಂದುವಿನ ಹತ್ತಿರ ಎಷ್ಟಿತ್ತೋ ಸಂಜೆಗೂ ಅಷ್ಟೇ ಇತ್ತು. ಬೀದಿ ಅಲೆಯದೆ, ಗಾಜಿನ ಮುಂದೆ ಬಗ್ಗದೆ, ಒಂದು ಈರುಳ್ಳಿ ಸುಲಿಯದೆ, ಆ ಊರಿನಲ್ಲಿ ಅವತ್ತು ಅತಿ ಅಗ್ಗದ ಬೆಲೆಗೆ ವಿದೇಶಿ ಹಣ ಪಡೆದವನು ತಿರುಗುವ ಕುರ್ಚಿಯಲ್ಲಿ ಕೂತಿದ್ದವನು. ಇಸ್ತ್ರಿ, ರಿಪೇರಿ ಎಲ್ಲ ಬಿಟ್ಟಿ.

ಆರು ಗಂಟೆಗೆ ಕಾರು ಗೇಟಿಗೆ ಬಂತು. ಸೂಟ್‌ಕೇಸನ್ನು ಮ್ಯಾನೇಜರೇ ಹೊತ್ತು ತಂದು ಡಿಕ್ಕಿಯಲ್ಲಿಟ್ಟರು. ಬೀಳ್ಕೊಡಲು ಹಾಲಿನವರೆಲ್ಲ ಸಾಲಾಗಿ ನಿಂತಿದ್ದರು. ಆ ಸಾಲು ಸ್ವಲ್ಪ ಸೊಟ್ಟಗಿದ್ದರೂ ಮಾವ ಅವತ್ತು ಅದರ ತಂಟೆಗೆ ಹೋಗಲಿಲ್ಲ. ಗೋಂದು ಬಟ್ಟೆ ಬದಲಾಯಿಸಿ ಹೊರಗೆ ಬರುವುದಕ್ಕೂ ಕಾರಿನ ಕಿಟಕಿ ಇಳಿಯುವುದಕ್ಕೂ ಸರಿಹೋಯಿತು. ಭಾವಮೈದನ ನಗುಮುಖ ಹೊರಗೆ ಬಂತು. ಅದರಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ.

“ಗೋಂದೂ! ಅಲ್ಲಿಂದ ನಿನಗೆ ಏನು ತರ್ಲಿ ಹೇಳು. ನಾಚ್ಕೋಬೇಡ ಮಾರಾಯ, ದುಡ್ಡು ಧಾರಾಳ ಇದೆ!”

ಎಲ್ಲರೂ ಗೋಂದುವಿನ ಮುಖ ನೋಡಿದರು. ಅಕ್ಕ ಉತ್ತರ ಕೊಡು ಎಂಬಂತೆ ಮೊಣಕೈಯಿಂದ ತಿವಿದಳು. ಗೋಂದು ಊಟದ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು, ಕಾರನ್ನು ಬಳಸಿ, ಗೇಟು ದಾಟಿ, ಮನೆಯ ದಾರಿ ಹಿಡಿದು ನಡೆದುಬಿಟ್ಟ.